ಗ್ಯಾಪ್ ಎಂದು ಬರೆಯುವ ಮುನ್ನ: ಸಂದು, ತೆರಪು, ಬಿಡುವು, ವಿರಾಮಗಳನ್ನು ಬಳಸುವ ಬಗೆ

‘ಇಬ್ಬರ ನಡುವೆ ಗ್ಯಾಪ್ ಇದೆ.’ ಈ ಪುಟ್ಟ ವಾಕ್ಯವನ್ನು ಗ್ಯಾಪ್ ಇಲ್ಲದ ಕನ್ನಡದಲ್ಲಿ ಬರೆದುಕೊಡಿ ಎಂದು ಯಾರಾದರೂ ಕೇಳಿದರೆ ಕೂಡಲೇ ಪೆನ್ನು ಹಿಡಿಯಬೇಡಿ. ಯಾವ ಇಬ್ಬರು ಎಂದು ಕೇಳಿ. ಬೆಂಚಿನ ಮೇಲೆ ಕುಳಿತ ಇಬ್ಬರಾದರೆ ಅವರ ನಡುವೆ ಇರುವುದು ಜಾಗ ಅಥವಾ ತೆರಪು. ಅಕ್ಕತಂಗಿಯರ ವಯಸ್ಸಿನ ಮಾತಾದರೆ ಅಂತರ. ಆಸ್ತಿ ಪಾಲಾದ ಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರಾದರೆ ಬಿರುಕು. ಸಾಹುಕಾರ ಮತ್ತು ಅವನ ಹೊಲದ ಕೂಲಿಯಾದರೆ ಕಂದಕ. ಇಬ್ಬರು ಎಂದರೆ ಮನುಷ್ಯರೇ ಅಲ್ಲ, ಮುಂಭಾಗದ ಎರಡು ಹಲ್ಲುಗಳು ಎಂದು ತಿಳಿದರೆ ಸಂದು.

ಸುದ್ದಿ ಬರೆಯುವವರು, ಅನುವಾದಕರು, ಸಿನಿಮಾಕ್ಕೆ ಅಡಿಬರಹ ಸಿದ್ಧಪಡಿಸುವವರು, ಕಚೇರಿಯ ಟಿಪ್ಪಣಿ ಬರೆಯುವವರು, ಇವರೆಲ್ಲರಿಗೂ ಇಂಥ ವಾಕ್ಯಗಳು ದಿನವೂ ಎದುರಾಗುತ್ತವೆ. ‘ಗ್ಯಾಪ್’, ‘ಬ್ರೇಕ್’ಗಳನ್ನು ಮುಟ್ಟಬಾರದೆಂಬ ಮಡಿ ನನಗಿಲ್ಲ. ಆದರೆ ಅವು ಹತ್ತು ಬಗೆಯ ಕಾಳನ್ನು ಒಂದೇ ಚೀಲಕ್ಕೆ ಸುರಿದುಬಿಡುತ್ತವೆ; ಆರಿಸಿಕೊಳ್ಳುವ ಕೆಲಸ ಓದುವವರ ಪಾಲಿಗೆ ಬೀಳುತ್ತದೆ. ‘ಬ್ರೇಕ್’ ಅಂತೂ ಕನ್ನಡ ಲಿಪಿಗೆ ಬಂದ ಮೇಲೆ ಇನ್ನಷ್ಟು ಗೊಂದಲ ತಂದಿದೆ. ‘ಮರಳು ದಂಧೆಗೆ ಬ್ರೇಕ್’ ಎಂಬ ತಲೆಬರಹದಲ್ಲಿ ಇರುವುದು ಗಾಡಿಯ ಬ್ರೇಕ್. ‘ಸಣ್ಣ ಬ್ರೇಕ್‌ನ ನಂತರ ಮತ್ತೆ ಭೇಟಿ’ ಎನ್ನುವ ನಿರೂಪಕರದು ಬೇರೆಯೇ ಬ್ರೇಕ್. ಒಂದು ನಿಂತೇಹೋಗಲಿ ಎಂಬ ಆಸೆ, ಇನ್ನೊಂದು ಬೇಗ ಮರಳಿ ಬರುತ್ತೇವೆ ಎಂಬ ಭರವಸೆ. ಬರಹದಲ್ಲಿ ಮಾತ್ರ ಎರಡೂ ಒಂದೇ.

ಹೆಜ್ಜೆ 1: ಜಾಗವೋ, ಹೊತ್ತೋ?

ಮೊದಲು ಇಷ್ಟನ್ನು ಖಚಿತಪಡಿಸಿಕೊಳ್ಳಿ. ಸಂದು, ಕಿಂಡಿ, ಕಂಡಿ, ಬಿರುಕು, ಕಂದಕ ಇವು ಜಾಗದ ಪದಗಳು. ಬಿಡುವು, ವಿರಾಮ, ಪುರುಸೊತ್ತು, ಮಧ್ಯಂತರ ಇವು ಹೊತ್ತಿನ ಪದಗಳು. ಎರಡು ಕಡೆಗೂ ಸಲ್ಲುವ ಪದಗಳು ಕೆಲವೇ: ತೆರಪು, ಅಂತರ, ಎಡೆ, ನಡುವೆ.

ಈ ನಾಲ್ಕರಲ್ಲಿ ಈಗ ಬಳಕೆ ಕಡಿಮೆಯಾಗಿ, ಮತ್ತೆ ಎತ್ತಿಕೊಳ್ಳಲು ಯೋಗ್ಯವಾದುದು ತೆರಪು. ‘ತೆರೆ’ ಎಂಬ ಕ್ರಿಯಾಪದದ ಮನೆಯದೇ ಮಗು. ‘ಸಂತೆಯ ದಿನ ಗಾಡಿ ನುಗ್ಗಿಸಲು ತೆರಪಿರಲಿಲ್ಲ’ ಎಂದರೆ ಜಾಗ. ‘ಕುಯಿಲಿನ ಕಾಲದಲ್ಲಿ ಯಾರಿಗೂ ತೆರಪಿಲ್ಲ’ ಎಂದರೆ ಹೊತ್ತು. ಅಂತರಕ್ಕೆ ಬೇರೆ ಸ್ವಭಾವವಿದೆ. ಅದು ಅಳತೆಯ ಪದ. ಎರಡು ತುದಿಗಳು ಬೇಕು, ನಡುವೆ ಒಂದು ಅಂಕಿ ಇದ್ದರೆ ಇನ್ನೂ ಒಳ್ಳೆಯದು. ಅಡಿಕೆ ಸಸಿಗಳನ್ನು 9 ಅಡಿ ಅಂತರದಲ್ಲಿ ನೆಡುತ್ತಾರೆ. ಅಭ್ಯರ್ಥಿ ಇಂತಿಷ್ಟು ಮತಗಳ ಅಂತರದಿಂದ ಗೆಲ್ಲುತ್ತಾನೆ. ಒಂದೇ ಬೀದಿಯಲ್ಲಿ ಎರಡು ದಿನಗಳ ಅಂತರದಲ್ಲಿ ಎರಡು ಕಳವು ನಡೆಯುತ್ತವೆ. ಅಳೆಯಲಾಗದ ಕಡೆ ಅಂತರವನ್ನು ತಂದರೆ ವಾಕ್ಯ ಸೊರಗುತ್ತದೆ. ‘ಅವನ ಮಾತಿನಲ್ಲಿ ಅಂತರವಿತ್ತು’ ಎಂದರೆ ಏನು ತಿಳಿಯಬೇಕು?

ಹಿಂದಿಯಿಂದ ಅನುವಾದ ಮಾಡುವವರಿಗೆ ಇಲ್ಲಿ ಎರಡು ಗುಂಡಿಗಳಿವೆ. ಹಿಂದಿಯ ‘ಅವಕಾಶ್’ ಎಂದರೆ ರಜೆ. ನಮ್ಮ ಅವಕಾಶ ಎಂದರೆ ಸಂದರ್ಭ, ಅನುಕೂಲ, ಆಸ್ಪದ. ‘ಆಕಸ್ಮಿಕ್ ಅವಕಾಶ್’ ಅನ್ನು ‘ಆಕಸ್ಮಿಕ ಅವಕಾಶ’ ಎಂದು ಬರೆದರೆ ಗುಮಾಸ್ತರಿಗೆ ಲಾಟರಿ ಹೊಡೆದಂತೆ ಕೇಳುತ್ತದೆ. ಅದು ಸಾಂದರ್ಭಿಕ ರಜೆ. ಹಿಂದಿಯ ‘ಅಂತರಾಲ್’ ಎರಡು ಘಟನೆಗಳ ನಡುವಿನ ಹೊತ್ತು. ಕನ್ನಡದ ಅಂತರಾಳ ಮನಸ್ಸಿನ ಆಳ. ಕಟ್ಟಡದ ಲೆಕ್ಕದಲ್ಲಿ ಮಾತ್ರ ಅಂತರಾಳಕ್ಕೆ ಇನ್ನೂ ‘ನಡುವೆ’ ಎಂಬ ಅರ್ಥ ಉಳಿದಿದೆ: ದೇವಾಲಯದಲ್ಲಿ ಗರ್ಭಗೃಹಕ್ಕೂ ನವರಂಗಕ್ಕೂ ಮಧ್ಯದ ಭಾಗವನ್ನು ಅಂತರಾಳ ಅಥವಾ ಸುಕನಾಸಿ ಎನ್ನುತ್ತಾರೆ.

ಹೆಜ್ಜೆ 2: ಕ್ರಿಯಾಪದವನ್ನು ಮೊದಲು ಹುಡುಕಿ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಾಮಪದವನ್ನು ನಿಘಂಟಿನಲ್ಲಿ ಹುಡುಕುವ ಮೊದಲು, ಅಲ್ಲಿ ನಡೆದದ್ದು ‘ಬಿಡು’ವೋ ‘ಬೀಳು’ವೋ ಎಂದು ಕೇಳಿಕೊಳ್ಳಿ. ಯಾರೋ ಬೇಕೆಂದು ಉಳಿಸಿದ ತೆರಪಿಗೆ ಕನ್ನಡ ‘ಬಿಡು’ ಎನ್ನುತ್ತದೆ; ತಾನಾಗಿ ಆದದ್ದಕ್ಕೆ, ಬೇಡದೆ ಬಂದದ್ದಕ್ಕೆ ‘ಬೀಳು’ ಎನ್ನುತ್ತದೆ.

ಹೊಲವನ್ನೇ ನೋಡಿ. ಉಳದೆ ಉಳಿದ ನೆಲದ ಹೆಸರೇ ಬೀಳು. ‘ಈ ವರ್ಷ ಆ ಹೊಲವನ್ನು ಬೀಳು ಬಿಟ್ಟರು’ ಎಂದರೆ ಯಜಮಾನ ಲೆಕ್ಕ ಹಾಕಿದ್ದಾನೆ, ನೆಲ ಸುಧಾರಿಸಿಕೊಳ್ಳಲಿ ಎಂದೋ ಆಳು ಸಿಗಲಿಲ್ಲವೆಂದೋ ತೀರ್ಮಾನಿಸಿದ್ದಾನೆ. ‘ಹೊಲ ಬೀಳು ಬಿದ್ದಿದೆ’ ಎಂದರೆ ಯಾರೂ ತೀರ್ಮಾನಿಸಿಲ್ಲ; ಮಕ್ಕಳು ಪಟ್ಟಣ ಸೇರಿದ್ದಾರೆ, ಹೊಲದಲ್ಲಿ ಲಂಟಾನ ಎದ್ದಿದೆ. ಒಂದು ಅಕ್ಷರದಷ್ಟೇ ದೂರದಲ್ಲಿ ಎರಡು ಬೇರೆ ಕಥೆಗಳು.

ಇದೇ ಬೆಳಕಿನಲ್ಲಿ ಉಳಿದವನ್ನು ನೋಡಿ. ರಾಗಿ ಹೊಲದಲ್ಲಿ ಅವರೆ, ತೊಗರಿಗೆಂದು ಅಕ್ಕಡಿ ಸಾಲು ಬಿಡುತ್ತಾರೆ. ಅರ್ಜಿಯಲ್ಲಿ ಅಂಚು ಬಿಡುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ‘ಬಿಟ್ಟ ಸ್ಥಳಗಳನ್ನು ತುಂಬಿರಿ’ ಎಂದಿರುತ್ತದೆ. ಅಲ್ಲಿ ಖಾಲಿ ಜಾಗ ಎನ್ನದೆ ಬಿಟ್ಟ ಸ್ಥಳ ಎಂದದ್ದು ಸರಿಯಾಗಿಯೇ ಇದೆ, ಏಕೆಂದರೆ ಮೇಷ್ಟ್ರು ಬೇಕೆಂದೇ ಬಿಟ್ಟಿದ್ದಾರೆ. ಇನ್ನೊಂದು ಕಡೆ, ಕೆರೆಯ ಏರಿಗೆ ಕಂಡಿ ಬೀಳುತ್ತದೆ, ಕೆಲಸಕ್ಕೆ ತಡೆ ಬೀಳುತ್ತದೆ, ಸಂಬಂಧಕ್ಕೆ ಪೂರ್ಣವಿರಾಮ ಬೀಳುತ್ತದೆ.

ನಿಯಮ ಮುರಿಯುವ ಒಬ್ಬ ತಂಟೆಕೋರನಿದ್ದಾನೆ: ಬಿರುಕು. ಗೋಡೆ ಬೇಕೆಂದು ಏನನ್ನೂ ಮಾಡುವುದಿಲ್ಲ, ಆದರೂ ಗೋಡೆ ಬಿರುಕು ಬಿಡುತ್ತದೆ. ಹಿಮ್ಮಡಿಯೂ ಬಿರುಕು ಬಿಡುತ್ತದೆ. ‘ಬಿರುಕು ಬಿತ್ತು’ ಎಂಬುದೂ ಬಳಕೆಯಲ್ಲಿದೆ, ಆದರೆ ಅದು ಮೈತ್ರಿ, ಮನಸ್ಸುಗಳ ಕಡೆಗೆ ಹೆಚ್ಚು ವಾಲುತ್ತದೆ: ‘ಪಕ್ಷದಲ್ಲಿ ಬಿರುಕು ಬಿತ್ತು’. ಇದನ್ನು ಹಾಗೆಯೇ ಕಲಿತುಕೊಳ್ಳಬೇಕು, ಬೇರೆ ದಾರಿಯಿಲ್ಲ.

ಬಾಡಿಗೆ ಮನೆಯ ಭಾಷೆಯಲ್ಲೂ ಮಾಡಿದವರು ಯಾರು ಎಂಬ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ಬಾಡಿಗೆದಾರ ತಾನಾಗಿ ಮನೆ ಖಾಲಿ ಮಾಡುತ್ತಾನೆ. ಅಧಿಕಾರಿಗಳು ಒತ್ತುವರಿ ತೆರವು ಮಾಡಿಸುತ್ತಾರೆ. ಕಚೇರಿಯಲ್ಲಿ ಖಾಲಿ ಹುದ್ದೆಗಳಿರುತ್ತವೆ, ಆದರೆ ಶಾಸಕರ ನಿಧನದಿಂದಲೋ ರಾಜೀನಾಮೆಯಿಂದಲೋ ‘ತೆರವಾದ ಸ್ಥಾನ’ಕ್ಕೆ ಉಪಚುನಾವಣೆ ನಡೆಯುತ್ತದೆ. ‘ಖಾಲಿ ಕ್ಷೇತ್ರ’ ಎಂದು ಯಾರೂ ಬರೆಯುವುದಿಲ್ಲ. ಖಾಲಿಗೆ ಇತಿಹಾಸ ಬೇಕಿಲ್ಲ. ತೆರವು ಎಂದಾಗ ಅಲ್ಲಿ ಮೊದಲು ಏನೋ ಇತ್ತು, ಯಾರೋ ಇದ್ದರು. ನ್ಯಾಯಾಲಯ ತಡೆಯಾಜ್ಞೆಯನ್ನು ತೆರವುಗೊಳಿಸುವುದೂ ಇದೇ ಲೆಕ್ಕದಿಂದ.

ಹೆಜ್ಜೆ 3: ಜಾಗವಾದರೆ, ಅದರ ಆಕಾರ ನೋಡಿ

ಸಂದು ಅಥವಾ ಸಂದಿ ಎಂದರೆ ಹೆಚ್ಚೂಕಡಿಮೆ ತಾಗಿಕೊಂಡಿರುವ ಎರಡು ವಸ್ತುಗಳ ನಡುವಿನ ಇಕ್ಕಟ್ಟು: ಕಲ್ಲಿನ ಸಂದು, ಬೆರಳ ಸಂದು, ಎರಡು ಮನೆಗಳ ನಡುವಿನ ಸಂದಿ. ಕೂಡುವುದು ಎಂಬ ಅರ್ಥದ ಸಂಧಿಯೇ ಇದರ ಮೂಲ. ಅದಕ್ಕೇ ಮೂಳೆಗಳು ಕೂಡುವ ಕಡೆಯೂ ಸಂದು, ಬೆಣ್ಣೆ ಸಿಕ್ಕಿಹಾಕಿಕೊಳ್ಳುವ ರೊಟ್ಟಿಯ ಪದರದ ನಡುವೂ ಸಂದು. ಹತ್ತಿರವಿಲ್ಲದ ವಸ್ತುಗಳಿಗೆ ಇದನ್ನು ಬಳಸಬೇಡಿ. ಎರಡು ಊರುಗಳ ನಡುವೆ ಸಂದು ಇರುವುದಿಲ್ಲ.

ಕಿಂಡಿ ಸಣ್ಣದು, ಒಂದು ಮೇಲ್ಮೈಯಲ್ಲಿ ಕೊರೆದದ್ದು, ಅದರ ಮೂಲಕ ಏನಾದರೂ ಹಾಯಬೇಕು: ಬೆಳಕು, ಗಾಳಿ, ನೋಟ, ನೀರು. ಉಡುಪಿಯ ಕನಕನ ಕಿಂಡಿಯಲ್ಲಿ ಹಾಯುವುದು ನೋಟ. ಕರಾವಳಿಯ ಕಿಂಡಿ ಅಣೆಕಟ್ಟಿನಲ್ಲಿ ಹಾಯುವುದು ನೀರು. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ, ಮುಂದಿನ ಮಳೆಗೆ ಮೊದಲು ಹಲಗೆ ತೆಗೆಯುತ್ತಾರೆ. ಇದನ್ನು ‘ರಂಧ್ರ ಅಣೆಕಟ್ಟು’ ಎಂದು ಯಾರಾದರೂ ಬರೆದರೆ ಊರವರು ಓಡಿಬಂದು ಸೋರುತ್ತಿದೆಯೇ ಎಂದು ನೋಡಿಯಾರು. ರಂಧ್ರ, ತೂತು ಇವು ಬೇಡದ ಕಡೆಯೂ ಆಗಬಹುದು. ಕಿಂಡಿ ಬಹುಮಟ್ಟಿಗೆ ಬೇಕೆಂದು ಇಟ್ಟದ್ದು.

ಕಂಡಿ ಇದಕ್ಕಿಂತ ದೊಡ್ಡದು, ನುಗ್ಗಲು ಆಗುವಂಥದ್ದು. ಬೇಲಿಯ ಕಂಡಿಯಲ್ಲಿ ದನ ನುಗ್ಗುತ್ತದೆ. ಅದೇ ಬೇಲಿಯಲ್ಲಿ ಮನುಷ್ಯರಿಗೆಂದು ಮಾಡಿಟ್ಟ ದಾರಿಗೆ ಮಲೆನಾಡಿನಲ್ಲಿ ಬೇರೆ ಹೆಸರುಗಳೇ ಇವೆ: ಹತ್ತಿ ದಾಟುವುದಾದರೆ ತಡಬೆ, ಅಡ್ಡಗಳುಗಳನ್ನು ಸರಿಸಿ ಹೋಗುವುದಾದರೆ ಉಣುಗೋಲು. ಇಂಥ ಪದ ನಿಮಗೆ ಗೊತ್ತಿದ್ದು, ಕಥೆ ಆ ಸೀಮೆಯದಾಗಿದ್ದರೆ ಧಾರಾಳವಾಗಿ ಬಳಸಿ. ಬಯಲುಸೀಮೆಯ ಕಥೆಯೊಳಗೆ ಚಂದಕ್ಕೆಂದು ತಂದು ನೆಡಬೇಡಿ.

ಬಿರುಕು, ಒಡಕು, ಸೀಳುಗಳ ವ್ಯತ್ಯಾಸ ಮೊದಲು ಇಡಿಯಾಗಿದ್ದ ವಸ್ತು ಈಗ ಎಷ್ಟು ಉಳಿದಿದೆ ಎಂಬುದರಲ್ಲಿದೆ. ಬಿರುಕು ಬಿಟ್ಟ ಗಡಿಗೆ ಇನ್ನೂ ಗಡಿಗೆಯೇ. ಒಡಕು ಗಡಿಗೆಯಲ್ಲಿ ನೀರು ನಿಲ್ಲುವುದಿಲ್ಲ. ಸೀಳಿದ್ದು ಎರಡಾಗಿದೆ ಅಥವಾ ಆಗುವ ಹಾದಿಯಲ್ಲಿದೆ. ರಾಜಕೀಯ ವರದಿಗಾರರು ಈ ಮೂರನ್ನೂ ಮನಬಂದಂತೆ ಬಳಸುತ್ತಾರೆ. ಮೈತ್ರಿಯಲ್ಲಿ ಬಿರುಕು ಎಂದು ಸೋಮವಾರ ಬರೆದವರು ಬುಧವಾರ ಒಡಕು, ಶುಕ್ರವಾರ ಸೀಳು ಎಂದು ಬರೆಯುವುದಾದರೆ ಸೊಗಸು; ಸೋಮವಾರವೇ ಸೀಳು ಎಂದುಬಿಟ್ಟರೆ ಶುಕ್ರವಾರಕ್ಕೆ ಪದ ಉಳಿಯುವುದಿಲ್ಲ.

ಕಂದಕ ಕೋಟೆಯ ಸುತ್ತ ತೋಡಿದ್ದು. ದಾಟಬಾರದೆಂದೇ ತೋಡಿದ್ದು. ‘ಬಡವ ಬಲ್ಲಿದರ ನಡುವಿನ ಕಂದಕ’ ಎಂಬಲ್ಲಿ ಆ ಉದ್ದೇಶದ ನೆರಳು ಉಳಿದಿದೆ, ಅದಕ್ಕೇ ಆ ಪದಕ್ಕೆ ಕಸುವು. ಆದಾಯದ ಅಂಕಿಗಳನ್ನು ಮಾತ್ರ ಹೋಲಿಸುತ್ತಿದ್ದರೆ ಅಂತರ ಸಾಕು. ಬೇಕಾದಷ್ಟು ಇಲ್ಲ ಎಂಬ ಅರ್ಥಕ್ಕೆ ಕೊರತೆ, ಮಾಡಬೇಕಾದ್ದನ್ನು ಮಾಡಿಲ್ಲ ಎಂಬ ಅರ್ಥಕ್ಕೆ ಲೋಪ. ‘ಭದ್ರತೆಯಲ್ಲಿ ಗ್ಯಾಪ್’ ಎಂದರೆ ಸಿಬ್ಬಂದಿ ಸಾಲದಿದ್ದರೆ ಕೊರತೆ, ಇದ್ದವರು ನಿದ್ದೆ ಮಾಡಿದರೆ ಲೋಪ. ತನಿಖೆ ನಡೆಯುವುದು ಎರಡನೆಯದಕ್ಕೆ.

ಎಡೆ ಎಂಬ ಹಳೆಯ ಪದ ಈಗ ಒಂಟಿಯಾಗಿ ನಿಲ್ಲುವುದು ಕಡಿಮೆ. ಒಂಟಿಯಾಗಿ ನಿಂತರೆ ಬಾಳೆ ಎಲೆಯ ಮೇಲೆ ಬಡಿಸಿದ ಎಡೆಯೇ ಮೊದಲು ನೆನಪಾಗುತ್ತದೆ. ಜೊತೆಗಾರರಿದ್ದರೆ ಮಾತ್ರ ಅದು ತನ್ನ ಹಳೆಯ ಅರ್ಥಕ್ಕೆ ಮರಳುತ್ತದೆ: ಅನುಮಾನಕ್ಕೆ ಎಡೆಮಾಡಿಕೊಟ್ಟಿತು, ಎಡೆಬಿಡದೆ ದುಡಿದರು. ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಯನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆಯುತ್ತವೆ. ಎರಡು ತೊರೆಗಳ ಎಡೆಯ ನಾಡು.

ಹೆಜ್ಜೆ 4: ಹೊತ್ತಾದರೆ, ಮತ್ತೆ ಶುರುವಾಗುವುದೇ ಎಂದು ಕೇಳಿ

ವಿರಾಮದ ಜೀವ ಇರುವುದು ಮತ್ತೆ ಶುರುವಾಗುತ್ತದೆ ಎಂಬ ಒಪ್ಪಂದದಲ್ಲಿ. ಟೆಸ್ಟ್ ಕ್ರಿಕೆಟ್‌ನಲ್ಲಿ ಊಟದ ವಿರಾಮ 40 ನಿಮಿಷ, ಚಹಾ ವಿರಾಮ 20 ನಿಮಿಷ; ಆಟಗಾರರು ಮರಳುತ್ತಾರೆಂದು ಎಲ್ಲರಿಗೂ ಗೊತ್ತು. ಕದನ ವಿರಾಮ ಎಂಬ ಪದವೂ ಎಷ್ಟು ಪ್ರಾಮಾಣಿಕ ನೋಡಿ: ಕದನ ಮುಗಿದಿದೆ ಎಂದು ಅದು ಹೇಳುವುದಿಲ್ಲ. ಮುಗಿಯಿತು ಎಂದು ಹೇಳಬೇಕಾದರೆ ‘ಪೂರ್ಣ’ ಎಂಬ ವಿಶೇಷಣ ಸೇರಿಸಿ ಪೂರ್ಣವಿರಾಮ ಎನ್ನಬೇಕು. ಆದ್ದರಿಂದ ಮುಚ್ಚಿಹೋದ ಕಾರ್ಖಾನೆಗೆ ‘ಉತ್ಪಾದನೆಗೆ ವಿರಾಮ’ ಎಂದು ಬರೆಯುವುದು ಕಾರ್ಮಿಕರಿಗೆ ಸುಳ್ಳು ಆಸೆ ಹುಟ್ಟಿಸಿದಂತೆ. ಅಲ್ಲಿ ‘ಸ್ಥಗಿತ’ ಎನ್ನಿ. ಸಭೆ, ಕಲಾಪಗಳಿಗೆ ‘ಮುಂದೂಡಿಕೆ’, ರೈಲಿಗೆ ‘ನಿಲುಗಡೆ’, ಕರೆಂಟಿಗೆ ‘ವ್ಯತ್ಯಯ’ ಅಥವಾ ‘ಕಡಿತ’: ಇವೆಲ್ಲ ಆಯಾ ಕ್ಷೇತ್ರದಲ್ಲಿ ಬೇರೂರಿದ ಪದಗಳು, ಅದಲುಬದಲು ಮಾಡಿದರೆ ನಗೆಪಾಟಲು.

ಬಿಡುವು ವಿರಾಮಕ್ಕಿಂತ ಸ್ವಂತದ್ದು. ವಿರಾಮವನ್ನು ವೇಳಾಪಟ್ಟಿ ಕೊಡುತ್ತದೆ, ಬಿಡುವನ್ನು ನಾವು ಮಾಡಿಕೊಳ್ಳುತ್ತೇವೆ. ‘ಬಿಡುವು ಮಾಡಿಕೊಂಡು ಬನ್ನಿ’ ಎಂದು ಮದುವೆಗೆ ಕರೆಯುತ್ತೇವೆ. ‘ವಿರಾಮ ಮಾಡಿಕೊಂಡು ಬನ್ನಿ’ ಎಂದು ಕರೆದರೆ ಬರುವವರು ದಾರಿಯಲ್ಲೇ ಮಲಗಿಯಾರು. ಪುರುಸೊತ್ತು ಇದರ ನೆಂಟ, ಆದರೆ ಹೆಚ್ಚಾಗಿ ಇಲ್ಲದಿರುವಾಗಲೇ ಬಾಯಿಗೆ ಬರುವ ಪದ: ‘ಉಸಿರಾಡಲೂ ಪುರುಸೊತ್ತಿಲ್ಲ’. ಔಪಚಾರಿಕ ಪತ್ರಕ್ಕೆ ಬಿಡುವು ಚೆನ್ನ, ಅಣ್ಣನಿಗೆ ಬರೆಯುವ ಪತ್ರಕ್ಕೆ ಪುರುಸೊತ್ತು.

ಮಧ್ಯಂತರದ ಬಗ್ಗೆ ಎಚ್ಚರ. ಸಿನಿಮಾ ಮಂದಿರದಲ್ಲಿ ಅದು ಕಾಫಿ ಕುಡಿಯುವ ಹೊತ್ತು. ಹಳೆಯ ಕನ್ನಡ ಚಿತ್ರಗಳ ತೆರೆಯ ಮೇಲೆ ಆ ಜಾಗದಲ್ಲಿ ‘ವಿಶ್ರಾಂತಿ’ ಎಂದು ಬರುತ್ತಿತ್ತು. ಸುದ್ದಿಯಲ್ಲಿ ಮಾತ್ರ ಮಧ್ಯಂತರ ಎಂದರೆ ಬಿಡುವೇ ಅಲ್ಲ, ‘ಸದ್ಯಕ್ಕೆ’ ಎಂದರ್ಥ: ಮಧ್ಯಂತರ ಜಾಮೀನು, ಮಧ್ಯಂತರ ಪರಿಹಾರ. 2024ರ ಫೆಬ್ರುವರಿ 1ರಂದು ಮಂಡನೆಯಾದದ್ದು ಮಧ್ಯಂತರ ಬಜೆಟ್. ಚುನಾವಣೆ ಮುಗಿದ ಮೇಲೆ ಜುಲೈ 23ರಂದು ಪೂರ್ಣ ಬಜೆಟ್ ಬಂದಿತು. ಮಧ್ಯಂತರ ಚುನಾವಣೆ ಎಂಬಲ್ಲಿ ಅರ್ಥ ಮತ್ತೆ ಬೇರೆ, ಅವಧಿ ಮುಗಿಯುವ ಮೊದಲೇ ನಡೆಯುವುದು.

ರಜೆಗೆ ಉತ್ತರ ಕರ್ನಾಟಕದಲ್ಲಿ ಸೂಟಿ ಎನ್ನುತ್ತಾರೆ. ಧಾರವಾಡದ ಹುಡುಗನ ಬಾಯಲ್ಲಿ ರಜೆ ಹಾಕಿದರೆ ತಪ್ಪಲ್ಲ, ಸಪ್ಪೆ.

ಮಳೆಯ ಬಿಡುವು

ಹೊತ್ತಿನ ಪದಗಳಲ್ಲಿ ಮಳೆಗೆ ಪ್ರತ್ಯೇಕ ಪರಿಚ್ಛೇದ ಕೊಡಲೇಬೇಕು, ಏಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪತ್ರಿಕೆಗಳಲ್ಲಿ ಹೆಚ್ಚು ಬಳಕೆಯಾಗುವ ವಿರಾಮ ಮಳೆಯದೇ. ಮಳೆ ‘ಬಿಡುವು ಕೊಡುತ್ತದೆ’. ಇಲ್ಲಿ ಕೊಡು ಎಂಬ ಕ್ರಿಯಾಪದವೇ ಸರಿ, ಜನ ಅದನ್ನು ಉಪಕಾರವೆಂದು ಸ್ವೀಕರಿಸುತ್ತಾರೆ. (‘ಬಿಡುವು ನೀಡಿದ ವರುಣ’ ಎಂಬ ತಲೆಬರಹಕ್ಕೂ ಒಂದು ವರ್ಷ ಬಿಡುವು ಕೊಡಬಹುದು.) ಮೋಡ ಸರಿದು ಬೆಳಕು ಕಂಡರೆ ಮಲೆನಾಡಿನವರು ಮಳೆ ಹೊಳವಾಯಿತು ಎನ್ನುತ್ತಾರೆ. ಬಿಡುವಿನಲ್ಲಿ ಮಳೆ ನಿಂತದ್ದು ಮಾತ್ರ ಇದೆ. ಹೊಳವಿನಲ್ಲಿ ಆಕಾಶವೂ ಇದೆ.

ಈಗ ಒಂದು ದೀರ್ಘಸ್ವರದ ಕಥೆ. ‘ಬಿಟ್ಟು ಬಿಟ್ಟು ಮಳೆ ಬಂತು’ ಎಂದರೆ ನಡುನಡುವೆ ನಿಂತು ನಿಂತು ಬಂತು. ‘ಬಿಟ್ಟೂ ಬಿಡದೆ ಮಳೆ ಬಂತು’ ಎಂದರೆ ನಿಲ್ಲದೆ ಬಂತು. ಎರಡನ್ನೂ ಒಂದೇ ಎಂದು ತಿಳಿದು ಬರೆದ ವರದಿಗಳು ಪ್ರತಿ ಮಳೆಗಾಲ ಸಿಗುತ್ತವೆ. ಬತ್ತದ ಸಸಿ ಕೊಳೆಯುವುದು ಎರಡನೆಯದರಲ್ಲಿ.

ತೆರಪೇ ಇಲ್ಲ ಎಂದು ಹೇಳುವುದಕ್ಕೂ ಕನ್ನಡದಲ್ಲಿ ದಂಡಿಯಾಗಿ ಮಾತುಗಳಿವೆ: ಎಡೆಬಿಡದೆ, ಒಂದೇ ಸಮನೆ, ಒಂದೇ ಉಸಿರಿಗೆ, ಬೆನ್ನಿಗೇ. ನನಗೆ ಅವುಗಳಲ್ಲಿ ತುಂಬ ಇಷ್ಟವಾದುದು ‘ಹೇಳಿದ್ದೇ ತಡ’. ‘ಅಜ್ಜಿ ಕರೆದದ್ದೇ ತಡ, ಮೊಮ್ಮಕ್ಕಳು ಓಡಿ ಬಂದರು.’ ಆದ ತಡವೆಲ್ಲ ಅಜ್ಜಿ ಕರೆಯುವುದರಲ್ಲೇ ಆಯಿತು, ಆಮೇಲೆ ತಡವೇ ಇಲ್ಲ ಎಂಬ ಲೆಕ್ಕ. ಇಂಥದ್ದು ಕೈಯಲ್ಲಿರುವಾಗ ‘ಯಾವುದೇ ವಿಳಂಬವಿಲ್ಲದೆ ತಕ್ಷಣವೇ’ ಎಂದು ಏಕೆ ಬರೆಯಬೇಕೋ ತಿಳಿಯದು.

ಹೆಜ್ಜೆ 5: ಮಾತಿನ ನಡುವಿನ ಮೌನಕ್ಕೆ ನಾಮಪದ ಬೇಡ

ಅನುವಾದಗಳಲ್ಲಿ ‘ಅವನು ಒಂದು ವಿರಾಮ ತೆಗೆದುಕೊಂಡು ಹೇಳಿದ’ ಎಂಬ ವಾಕ್ಯ ಓದಿದ್ದೀರಲ್ಲ? ಅವನೇನು ಚಹಾ ಕುಡಿದು ಬಂದನೇ? ಕನ್ನಡ ಇಲ್ಲಿ ನಾಮಪದದ ಗೊಡವೆಗೆ ಹೋಗದೆ ಕ್ರಿಯಾಪದದಲ್ಲೇ ಮುಗಿಸುತ್ತದೆ. ಅವನು ತುಸು ತಡೆದು ಹೇಳಿದ.

ಮೌನದ ಕಾರಣ ಗೊತ್ತಿದ್ದರೆ ‘ತಡೆದು’ವಿಗಿಂತ ಖಚಿತವಾದ ಪದ ಸಿಗುತ್ತದೆ. ಪದ ಸಿಗದೆ ನಿಂತರೆ ತಡವರಿಸಿದ. ಹೆದರಿಕೆಯಿಂದ ನಿಂತರೆ ಉಗುಳು ನುಂಗಿದ. ಹೇಳಬೇಕೋ ಬೇಡವೋ ಎಂದು ತೂಗುತ್ತಿದ್ದರೆ ಹಿಂದೆಮುಂದೆ ನೋಡಿದ. ಆ ತೂಗಾಟ ದಿನಗಟ್ಟಲೆ ನಡೆದರೆ ಮೀನಮೇಷ ಎಣಿಸಿದ. ಬೇರೆಯವರು ಅಡ್ಡ ಬಂದಿದ್ದರೆ ಅವರು ನಡುವೆ ಬಾಯಿ ಹಾಕಿದರು. ಮಾತು ಮುಗಿದೂ ಎದುರಿನವರು ಉತ್ತರಿಸದಿದ್ದರೆ ಅವರು ಸುಮ್ಮನಾದರು. ನಾಟಕ ಬರೆಯುವವರು ಆವರಣದಲ್ಲಿ ‘ಮೌನ’ ಎಂದು ಬರೆದು ನಟರಿಗೆ ಬಿಟ್ಟುಬಿಡುವುದುಂಟು. ‘ಉಗುಳು ನುಂಗಿ’ ಎಂದು ಬರೆದರೆ ನಟನಿಗೂ ಒಂದು ಕೆಲಸ ಸಿಗುತ್ತದೆ.

ಮೂರು ಚುಕ್ಕಿಗಳ ಮೇಲೆ ಭಾರ ಹಾಕಬೇಡಿ. ‘ನಾನು... ಅದು... ಅಂದರೆ...’ ಎಂಬುದನ್ನು ಒಂದು ಪುಟದಲ್ಲಿ ಒಮ್ಮೆ ಬಳಸಿದರೆ ತಡವರಿಕೆ, ಆರು ಸಲ ಬಳಸಿದರೆ ಮುದ್ರಣ ದೋಷ.

ಹೆಜ್ಜೆ 6: ಬರಹದಲ್ಲಿ ತೆರಪು ಎಲ್ಲಿ ಬಿಡಬೇಕು

ನಮ್ಮ ಹಳೆಯ ಶಾಸನಗಳಲ್ಲಾಗಲಿ ತಾಳೆಗರಿಗಳಲ್ಲಾಗಲಿ ಪದ ಪದಕ್ಕೂ ತೆರಪು ಬಿಡುವ ರೂಢಿ ಇರಲಿಲ್ಲ. ಪದ್ಯ ಮುಗಿದರೆ ದಂಡ, ಅಂದರೆ ನಿಲುಗೆರೆ, ಹಾಕುತ್ತಿದ್ದರು. ಅಲ್ಪವಿರಾಮ, ಅರ್ಧವಿರಾಮಗಳು ಅಚ್ಚಿನ ಮನೆಯೊಂದಿಗೆ ಬಂದವು. ತಡವಾಗಿ ಬಂದದ್ದರಿಂದಲೋ ಏನೋ, ಇಂದಿಗೂ ಅವುಗಳ ವಿಷಯದಲ್ಲಿ ನಮಗೆ ಸಲಿಗೆ ಸಾಲದು. ಇಂಗ್ಲಿಷಿನಲ್ಲಿ ಹಾಕುವ ಕಡೆಯೆಲ್ಲ ಹಾಕುತ್ತೇವೆ, ಕನ್ನಡ ಬೇಡುವ ಕಡೆ ಮರೆಯುತ್ತೇವೆ.

ಪದಗಳ ನಡುವಿನ ತೆರಪು ಮೊದಲು. ‘ಬರೆದುಕೊಂಡ’ ಎಂದರೆ ತನಗಾಗಿ ಬರೆದ. ‘ಬರೆದು ಕೊಂಡ’ ಎಂದರೆ ಮೊದಲು ಬರೆದ, ಆಮೇಲೆ ಏನನ್ನೋ ಖರೀದಿಸಿದ. ‘ನೋಡಿಬಿಟ್ಟ’ ಎಂದರೆ ನೋಡಿಯೇ ಬಿಟ್ಟ, ಕಣ್ಣಿಗೆ ಬಿತ್ತು. ‘ನೋಡಿ ಬಿಟ್ಟ’ ಎಂದರೆ ಪರೀಕ್ಷಿಸಿ ಕೈಬಿಟ್ಟ. ಕೊಳ್ಳು, ಬಿಡು, ಹೋಗು, ಹಾಕು ಇವು ಸಹಾಯಕ್ಕೆ ಬಂದಾಗ ಹಿಂದಿನ ಪದಕ್ಕೆ ಅಂಟಿಸಿ. ತಮ್ಮದೇ ಕೆಲಸ ಮಾಡುತ್ತಿರುವಾಗ ಬಿಡಿಸಿ ಬರೆಯಿರಿ. ಊರ ಹೆಸರುಗಳಲ್ಲಿ ಇದು ಇನ್ನೂ ಮುಖ್ಯ. ‘ಹೊಸಪೇಟೆಯಲ್ಲಿ ಅಂಗಡಿ ಹಾಕಿದ’ ಎಂದರೆ ವಿಜಯನಗರ ಜಿಲ್ಲೆಗೆ ಹೋಗಿದ್ದಾನೆ. ‘ಹೊಸ ಪೇಟೆಯಲ್ಲಿ ಅಂಗಡಿ ಹಾಕಿದ’ ಎಂದರೆ ತನ್ನ ಊರಿನಲ್ಲೇ ಇರಬಹುದು. ‘ಮಾಡ ಬೇಕು’, ‘ಬರುವ ವರು’ ಎಂದು ಒಡೆದ ಫಲಕಗಳನ್ನು ಕಂಡರೆ ಮಾತ್ರ ಅರ್ಥ ಹುಡುಕಬೇಡಿ. ಅವು ಫಲಕದ ಅಗಲ ಸಾಲದೆ ಆದ ಅಪಘಾತಗಳು.

ಇನ್ನು ಅಲ್ಪವಿರಾಮ. ‘ಅಣ್ಣ ಬಂದ ಮೇಲೆ ಕುಳಿತ.’ ಓದಿ ನೋಡಿ. ಅಣ್ಣ ಬಂದ ನಂತರ ಯಾರೋ ಕುಳಿತರೇ? ಅಥವಾ ಅಣ್ಣನೇ ಬಂದು ಅಟ್ಟದ ಮೇಲೆ ಕುಳಿತನೇ? ಎರಡನೆಯದಾದರೆ ‘ಅಣ್ಣ ಬಂದ, ಮೇಲೆ ಕುಳಿತ’ ಎಂದು ಬರೆಯಲೇಬೇಕು. ಕನ್ನಡದಲ್ಲಿ ಈ ತೊಡಕು ಮತ್ತೆ ಮತ್ತೆ ಬರುವುದಕ್ಕೆ ಕಾರಣವಿದೆ: ‘ಬಂದನು’ ಎಂಬುದನ್ನು ಮೊಟಕುಗೊಳಿಸಿದ ‘ಬಂದ’ ಮತ್ತು ‘ಬಂದ ಹುಡುಗ’ ಎಂಬಲ್ಲಿನ ವಿಶೇಷಣ ‘ಬಂದ’ ಎರಡಕ್ಕೂ ಒಂದೇ ರೂಪ. ‘ಹಾಡಿದ ಹುಡುಗನಿಗೆ ಬಹುಮಾನ ಬಂತು’ ಎಂಬಲ್ಲಿಯೂ ಇದೇ ಸಮಸ್ಯೆ. ಸಂಶಯ ಬಂದ ಕಡೆ ‘ಬಂದನು’, ‘ಹಾಡಿದನು’ ಎಂದು ಪೂರ್ಣರೂಪ ಬರೆದುಬಿಡಿ, ಅಲ್ಪವಿರಾಮದ ಹಂಗೇ ಬೇಡ. ‘ಬಂದಳು’, ‘ಬಂದರು’ಗಳಿಗೆ ಈ ರೋಗವಿಲ್ಲ.

ಬೇಡದ ಕಡೆಗಳೂ ಇವೆ. ‘ರಾಮನೂ ಭೀಮನೂ ಬಂದರು’ ಎಂಬಲ್ಲಿ ಊಕಾರವೇ ಎರಡನ್ನೂ ಜೋಡಿಸಿದೆ, ಚಿಹ್ನೆ ಬೇಡ. ‘ಊರಿಗೆ ಹೋಗಿ, ಮನೆ ನೋಡಿ, ಮರಳಿದ’ ಎಂಬಲ್ಲಿಯೂ ‘ಹೋಗಿ’, ‘ನೋಡಿ’ಗಳೇ ನಿಲುಗಡೆಯನ್ನು ಹೇಳುತ್ತವೆ, ವಾಕ್ಯ ಉದ್ದವಾದರಷ್ಟೇ ಅಲ್ಪವಿರಾಮ ಹಾಕಿ. ‘“ಬರುತ್ತೇನೆ,” ಎಂದ’ ಎಂದು ಉದ್ಧರಣದೊಳಗೆ ಅಲ್ಪವಿರಾಮ ತುರುಕುವುದು ಪರಭಾಷೆಯ ಶಿಸ್ತು. ಮಾತು ಮುಗಿಯಿತೆಂದು ಸಾರಲು ನಮಗೆ ‘ಎಂದು’, ‘ಎಂದ’ ಇರುವಾಗ ಅದು ಹೆಚ್ಚುವರಿ.

ಸಂಧಿ ಮಾಡದೆ ನಿಲ್ಲಲೇಬೇಕಾದ ಜಾಗವೊಂದನ್ನು ವ್ಯಾಕರಣವೇ ಗುರುತಿಸಿಕೊಟ್ಟಿದೆ. ಎರಡು ಸ್ವರಗಳು ಎದುರಾದರೆ ಕನ್ನಡ ಸುಮ್ಮನಿರುವುದಿಲ್ಲ. ಒಂದನ್ನು ಬಿಡುತ್ತದೆ (ಊರು + ಅಲ್ಲಿ ಊರಲ್ಲಿ), ಇಲ್ಲವೇ ನಡುವೆ ಯಕಾರ ವಕಾರ ತಂದು ತುಂಬುತ್ತದೆ (ಮನೆಯಲ್ಲಿ, ಗುರುವನ್ನು). ಆದರೆ ‘ಅಯ್ಯೋ ಇದೇನು’, ‘ಆಹಾ ಎಷ್ಟು ಚೆಂದ’ ಎಂಬಲ್ಲಿ ಎರಡೂ ಆಗುವುದಿಲ್ಲ. ಇದಕ್ಕೆ ಪ್ರಕೃತಿಭಾವ ಎಂದು ಹೆಸರು. ಅಳುವವನಿಗೂ ಬೆರಗಾದವನಿಗೂ ಉಸಿರು ತೆಗೆದುಕೊಳ್ಳಲು ವ್ಯಾಕರಣ ಅನುಮತಿ ಕೊಟ್ಟಿದೆ. ಅಲ್ಲಿ ಭಾವಸೂಚಕ ಚಿಹ್ನೆ ಹಾಕಿದರೂ ಸರಿ, ಬಿಟ್ಟರೂ ಸರಿ.

ಕಂಪ್ಯೂಟರಿನಲ್ಲಿ ಬರೆಯುವವರಿಗೆ ಕಣ್ಣಿಗೆ ಕಾಣದ ಇನ್ನೊಂದು ತೆರಪಿದೆ. ‘ಸಾಫ್ಟ್‌ವೇರ್’ ಎಂದು ಟಕಾರ ಬಿಡಿಯಾಗಿ ಕಾಣಬೇಕಾದರೆ ಟ್ ಮತ್ತು ವೇ ನಡುವೆ ಅಗಲವೇ ಇಲ್ಲದ ಒಂದು ಯೂನಿಕೋಡ್ ಸಂಕೇತ ಇರಬೇಕು. ಇಲ್ಲದಿದ್ದರೆ ಒತ್ತಕ್ಷರವಾಗಿ ‘ಸಾಫ್ಟ್ವೇರ್’ ಆಗುತ್ತದೆ. ಹಾಗೆಂದು ಸಿಕ್ಕಲ್ಲೆಲ್ಲ ಅದನ್ನು ಸೇರಿಸಬೇಕಾಗಿಲ್ಲ. ‘ಬ್ಯಾಂಕ್‌ನಲ್ಲಿ’ ಎಂದು ಕಷ್ಟಪಡುವ ಬದಲು ‘ಬ್ಯಾಂಕಿನಲ್ಲಿ’ ಎಂದರೆ ಕೀಲಿಯೂ ಉಳಿಯುತ್ತದೆ, ನಾಲಿಗೆಯೂ ಸಲೀಸಾಗಿ ಹೊರಳುತ್ತದೆ.

ಹೆಜ್ಜೆ 7: ಗಟ್ಟಿಯಾಗಿ ಓದುವಾಗ

ಪದ್ಯದ ನಿಲುಗಡೆಗೆ ಯತಿ ಎಂದು ಹೆಸರು. ತಾಳಶಾಸ್ತ್ರದಲ್ಲೂ ಯತಿ ಇದೆ, ಅಲ್ಲಿ ಅದು ಲಯದ ಆಕಾರ, ಎರಡನ್ನೂ ಬೆರೆಸಬೇಡಿ. ಸಂಗೀತದಲ್ಲಿ ಬಿಡುವಿನ ಪದ ಬೇಕಾದರೆ ಬೇರೆ ಇವೆ: ಕರ್ನಾಟಕ ಸಂಗೀತದ ಆದಿತಾಳದಲ್ಲಿ ದ್ರುತಕ್ಕೆ (ಎರಡೆಣಿಕೆಯ ಭಾಗಕ್ಕೆ) ಒಂದು ಪೆಟ್ಟು, ಒಂದು ಹುಸಿ, ಹಿಂದೂಸ್ತಾನಿಯ ತೀನ್‌ತಾಳದ 16 ಮಾತ್ರೆಗಳಲ್ಲಿ ಒಂಬತ್ತನೆಯದು ಖಾಲಿ. ಹೆಸರು ಹುಸಿ, ಖಾಲಿ ಎಂದಿದ್ದರೂ ಎಣಿಕೆಯಿಂದ ಅವು ಹೊರಗಿಲ್ಲ, ಕೈ ಆ ಹೊತ್ತಿನಲ್ಲಿ ಬೀಸುತ್ತಲೇ ಇರುತ್ತದೆ.

ಕನ್ನಡ ಪದ್ಯದಲ್ಲಿ ಕವಿಗಳು ಪ್ರಾಸಕ್ಕೆ ಕೊಟ್ಟ ಮರ್ಯಾದೆಯನ್ನು ಯತಿಗೆ ಕೊಟ್ಟವರಲ್ಲ. ಸಾಲು ಮುಗಿದರೂ ಪದ ಮುಗಿಯದೆ ಮುಂದಿನ ಸಾಲಿಗೆ ಹರಿಯುವುದು ನಮ್ಮಲ್ಲಿ ಸಾಮಾನ್ಯ. ಆದ್ದರಿಂದ ಆರು ಸಾಲಿನ ಪದ್ಯವಾದ ಷಟ್ಪದಿಯನ್ನು ಮೊದಲ ಬಾರಿ ಓದುವವರು ಸಾಲಿನ ಅಂಚನ್ನು ನಂಬಿ ನಿಲ್ಲಬಾರದು. ಮೊದಲು ಪದಗಳನ್ನು ಬಿಡಿಸಿ, ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳಿ. ಆಮೇಲೆ ಗಣಗಳನ್ನು, ಅಂದರೆ ಮಾತ್ರೆಗಳ ಗುಂಪುಗಳನ್ನು, ಲೆಕ್ಕ ಹಾಕಿ: ಭಾಮಿನಿ ಷಟ್ಪದಿಯಾದರೆ 1, 2, 4, 5ನೆಯ ಸಾಲುಗಳಲ್ಲಿ ಮೂರು–ನಾಲ್ಕು–ಮೂರು–ನಾಲ್ಕು ಮಾತ್ರೆ, 3 ಮತ್ತು 6ರಲ್ಲಿ ಮೂರು–ನಾಲ್ಕರ ಜೋಡಿ ಮೂರು ಸಲ, ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ). ಲಯ ಗಣದ್ದು, ನಿಲುಗಡೆ ಪದದ್ದು. ಗಣ ಗಣಕ್ಕೂ ನಿಂತರೆ ಮಗ್ಗಿ ಒಪ್ಪಿಸಿದಂತಾಗುತ್ತದೆ, ಪದವನ್ನೇ ಹಿಡಿದು ಹೊರಟರೆ ಗದ್ಯವಾಗುತ್ತದೆ.

ಉಸಿರು ತೆಗೆದುಕೊಳ್ಳಲು ಭದ್ರವಾದ ಜಾಗ ಮೂರನೆಯ ಸಾಲಿನ ಕೊನೆ. ಅಲ್ಲಿ ಒಂದೇ ಮಾತ್ರೆಯ ಲಘು ಅಕ್ಷರವೇ ಇದ್ದರೂ ಛಂದಸ್ಸು ಅದನ್ನು ಗುರುವೆಂದೇ ಎಣಿಸುತ್ತದೆ, ಆದ್ದರಿಂದ ಎಳೆದು ನಿಲ್ಲಲು ಸಂಕೋಚ ಬೇಡ. ವಾಕ್ಯ ಅಲ್ಲಿಗೆ ಮುಗಿಯದೆ ನಾಲ್ಕನೆಯ ಸಾಲಿಗೆ ಹರಿದಿದ್ದರೆ ದನಿಯನ್ನು ಇಳಿಸದೆ ನಿಲ್ಲಿ. ಕೇಳುವವರಿಗೆ ಮಾತು ಇನ್ನೂ ಇದೆಯೆಂದು ಗೊತ್ತಾಗುತ್ತದೆ.